ಟೊಮೆಟೊ ಹಾಕುವ ಮುನ್ನ ಹಾಕಬೇಕಾದ ಲೆಕ್ಕ: ಎಷ್ಟು ಆಸೆ ಪಡಬಹುದು, ಎಷ್ಟು ಕಳೆದುಕೊಳ್ಳಬಹುದು

ಕೋಲಾರ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಬೋರ್‌ವೆಲ್‌ನಲ್ಲಿ ಒಂದಿಷ್ಟು ನೀರಿದ್ದವರೆಲ್ಲ ಒಂದಲ್ಲ ಒಂದು ಸಲ ಟೊಮೆಟೊ ಹಾಕಿದವರೇ. ಹಾಕಿ ಮನೆ ಕಟ್ಟಿದವರಿದ್ದಾರೆ. ಹಾಕಿ ಇದ್ದ ಜಮೀನನ್ನೇ ಮಾರಿದವರೂ ಇದ್ದಾರೆ. ಇಬ್ಬರೂ ಬೆಳೆದದ್ದು ಒಂದೇ ಬೆಳೆ, ಮಾರಿದ್ದು ಒಂದೇ ಮಂಡಿಯಲ್ಲಿ.

2023 ನೆನಪಿದೆ ಅಲ್ವಾ? ಮೇ ತಿಂಗಳಲ್ಲಿ ನಾಸಿಕ್ ಕಡೆಯ ರೈತರು ಬೆಲೆ ಇಲ್ಲದೆ ಟೊಮೆಟೊವನ್ನು ರಸ್ತೆಗೆ ಸುರಿದರು. ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಜನ ಹೊಲಕ್ಕೆ ರಾತ್ರಿ ಕಾವಲು ಕೂತರು. ದೆಹಲಿಯಲ್ಲಿ ಸರ್ಕಾರವೇ ವ್ಯಾನ್‌ನಲ್ಲಿಟ್ಟು ಕೆಜಿಗೆ 90 ರೂಪಾಯಿಗೆ ಮಾರಿತು. ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಖರ್ಚೂ ಹುಟ್ಟದ ಬೆಲೆ. ಇಷ್ಟೆಲ್ಲ ನಡೆದದ್ದು ನಾಲ್ಕೇ ತಿಂಗಳಲ್ಲಿ.

ಆ ಜುಲೈನಲ್ಲಿ ದುಡ್ಡು ಮಾಡಿದವರು ಯಾರು ಅಂತ ನೋಡಿದರೆ ಒಂದು ವಿಷಯ ಕಾಣುತ್ತದೆ. ಬೆಲೆ ಏರಿದ್ದು ನೋಡಿ ಓಡಿಹೋಗಿ ಸಸಿ ತಂದವರಿಗೆ ಅದು ದಕ್ಕಲಿಲ್ಲ. ಬೆಲೆ ಪಾತಾಳದಲ್ಲಿದ್ದಾಗಲೂ ಪ್ರತಿ ಹಂಗಾಮಿನಂತೆ ತಮ್ಮ ಅರ್ಧ ಎಕರೆ, ಒಂದು ಎಕರೆ ನಾಟಿ ಮಾಡಿ ಸುಮ್ಮನಿದ್ದವರಿಗೆ ದಕ್ಕಿತು. ಅದೃಷ್ಟ ಬಂದ ದಿನ ಅವರ ಹೊಲದಲ್ಲಿ ಕಾಯಿ ಇತ್ತು, ಅಷ್ಟೇ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ: ಸೋತರೂ ಮುಂದಿನ ಹಂಗಾಮಿಗೆ ಮತ್ತೆ ಹಾಕುವಷ್ಟು ಶಕ್ತಿ ಉಳಿಯುವಂತೆ ಹಾಕುವುದು ಹೇಗೆ.

ಊರಿಗೆ ವಾಪಸ್ ಬಂದು ಕೃಷಿ ಮಾಡಬೇಕು ಅಂತಿರುವ ಹುಡುಗರಿಗೂ, ರಾಗಿ ಬಿಟ್ಟು ತರಕಾರಿಗೆ ಇಳಿಯಬೇಕು ಅಂತಿರುವ ಮನೆಗಳಿಗೂ ಇದು ಉಪಯೋಗಕ್ಕೆ ಬರಬಹುದು.

ಹಂತ 1: ಕಳೆದುಕೊಳ್ಳಬಹುದಾದ ದುಡ್ಡು ಎಷ್ಟು ಅಂತ ಮೊದಲು ಬರೆಯಿರಿ

ಸಾಮಾನ್ಯವಾಗಿ ಲೆಕ್ಕ ಶುರುವಾಗುವುದೇ ತಲೆಕೆಳಗಾಗಿ. "ಎಕರೆಗೆ ಸಾವಿರದೈನೂರು ಬಾಕ್ಸ್, ಬಾಕ್ಸ್‌ಗೆ ಐನೂರು ಅಂದ್ರೂ ಏಳೂವರೆ ಲಕ್ಷ" ಅಂತ ಟೀ ಅಂಗಡಿಯಲ್ಲಿ ಕೂತು ಗುಣಾಕಾರ ಮಾಡುತ್ತೇವೆ. ಈ ಗುಣಾಕಾರವನ್ನು ಸ್ವಲ್ಪ ಪಕ್ಕಕ್ಕಿಡಿ.

ಮನೆಯಲ್ಲಿ ಎಲ್ಲರೂ ಕೂತಾಗ ಒಂದು ನೋಟ್‌ಬುಕ್ ತೆಗೆಯಿರಿ. ಕೈಯಲ್ಲಿ, ಬ್ಯಾಂಕಿನಲ್ಲಿ ಇರುವ ದುಡ್ಡು ಬರೆಯಿರಿ. ಅದರಲ್ಲಿ ಆರು ತಿಂಗಳ ಮನೆ ಖರ್ಚು ಕಳೆಯಿರಿ. ಮಕ್ಕಳ ಫೀಸು, ಅಪ್ಪ ಅಮ್ಮನ ಔಷಧಿ, ಈಗಾಗಲೇ ಇರುವ ಸಾಲದ ಕಂತು, ಮುಂದಿನ ರಾಗಿಯ ಬಿತ್ತನೆ ಖರ್ಚು, ಎಲ್ಲ ಕಳೆಯಿರಿ. ಮನೆಯಲ್ಲಿ ಮದುವೆ ಇದ್ದರೆ ಅದನ್ನೂ. ಕೊನೆಗೆ ಉಳಿದದ್ದು ಪೂರ್ತಿ ಹೋದರೂ ಮನೆ ನಡೆಯುತ್ತದೆಯಾ? ನಡೆಯುತ್ತದೆ ಅನ್ನಿಸಿದರೆ ಅದೇ ನಿಮ್ಮ ಮಿತಿ.

ಉದಾಹರಣೆಗೆ ಒಂದು ಮನೆಯಲ್ಲಿ 3 ಲಕ್ಷ ಇದೆ. ಖರ್ಚೆಲ್ಲ ಕಳೆದರೆ 1.2 ಲಕ್ಷ ಉಳಿಯಿತು. ಆ ಮನೆ ಟೊಮೆಟೊಗೆ ಹಾಕಬಹುದಾದದ್ದು 1.2 ಲಕ್ಷ. ಒಂದೂವರೆ ಅಲ್ಲ, "ಕಡಿಮೆ ಬಿದ್ದರೆ ಒಡವೆ ಇದೆ" ಅಂತಲೂ ಅಲ್ಲ.

ಈ ಮಾತುಕತೆಯಲ್ಲಿ ಹೆಂಗಸರು ಇರಲೇಬೇಕು. ಬೆಲೆ ಬಿದ್ದಾಗ ಬ್ಯಾಂಕಿಗೆ ಹೋಗುವುದು ಅವರ ಬಳೆ, ಸರ. ಆಮೇಲೆ ಅಂಗಡಿ ಉದ್ರಿಯಲ್ಲಿ ಮನೆ ತೂಗಿಸುವವರೂ ಅವರೇ. ಮಿತಿ ಹಾಕುವಾಗ ಅವರ ಮಾತಿಗೆ ಜಾಸ್ತಿ ತೂಕ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗುಡ್ಡಕ್ಕೆ ಕೂದಲು ಕಟ್ಟಿ ಎಳಿ, ಬಂದರೆ ಗುಡ್ಡ, ಹೋದರೆ ಕೂದಲು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಈ ಗಾದೆ ನಂಬಿ ಧೈರ್ಯ ಮಾಡುವವರು ಬಹಳ. ಕಟ್ಟಿದ್ದು ಕೂದಲೇ ಆಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಜಮೀನಿನ ಪತ್ರ ಕಟ್ಟಿ ಎಳೆದರೆ ಹೋಗುವುದು ಜಮೀನು.

ಹಂತ 2: ಖರ್ಚಿನ ಲೆಕ್ಕ, ಕೊಯ್ಲಿಗೆ ಮುಂಚೆ ಮತ್ತು ಕೊಯ್ಲಿನ ನಂತರ

ಇಲ್ಲಿ ನಿಧಾನವಾಗಿ ಹೋಗೋಣ. ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ.

ಟೊಮೆಟೊದಲ್ಲಿ ಎರಡು ತರಹದ ಖರ್ಚು ಇದೆ. ಒಂದು, ಮೊದಲ ಕಾಯಿ ಕೊಯ್ಯುವ ಮುಂಚೆಯೇ ಆಗಿಹೋಗುವ ಖರ್ಚು: ಉಳುಮೆ, ಗೊಬ್ಬರ, ಮಲ್ಚಿಂಗ್ ಪೇಪರ್ (ಸಾಲಿನ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ), ಡ್ರಿಪ್, ಸಸಿ, ಕೋಲು, ದಾರ, ಔಷಧಿ, ಕೂಲಿ. ಇನ್ನೊಂದು, ಪ್ರತಿ ಬಾಕ್ಸ್‌ಗೂ ಬೀಳುವ ಖರ್ಚು: ಕೊಯ್ಯುವ ಕೂಲಿ, ಟೆಂಪೋ ಬಾಡಿಗೆ, ಹಮಾಲಿ, ಮಂಡಿಯಲ್ಲಿ ಹಿಡಿಯುವ ಕಮಿಷನ್. ಇವೆರಡನ್ನೂ ಒಂದೇ ಗಂಟು ಕಟ್ಟಿದರೆ ಮುಂದೆ ಎಲ್ಲ ತೀರ್ಮಾನವೂ ತಪ್ಪುತ್ತದೆ. ಬೇರೆ ಬೇರೆ ಪುಟದಲ್ಲಿ ಬರೆಯಿರಿ.

ಒಂದು ಮಾದರಿ ಲೆಕ್ಕ ಹಾಕೋಣ. ಅಂಕಿಗಳು ಅರ್ಥವಾಗಲಿ ಅಂತ ಇಟ್ಟುಕೊಂಡವು. ನಿಮ್ಮ ಊರಿನ ಕೂಲಿ, ಬಾಡಿಗೆ ಕೇಳಿ ಬದಲಾಯಿಸಿಕೊಳ್ಳಿ.

ಎಕರೆಗೆ ಕೊಯ್ಲಿಗೆ ಮುಂಚಿನ ಖರ್ಚು 2 ಲಕ್ಷ ಅಂದುಕೊಳ್ಳಿ. ಪ್ರತಿ ಬಾಕ್ಸ್‌ಗೆ ಕೂಲಿ, ಬಾಡಿಗೆ, ಹಮಾಲಿ ಸೇರಿ 50 ರೂಪಾಯಿ. ಕಮಿಷನ್ ನೂರಕ್ಕೆ 10. ಹಾಗಾದರೆ ಅಸಲು ಹುಟ್ಟಲು ಬಾಕ್ಸ್‌ಗೆ ಎಷ್ಟು ಬೆಲೆ ಸಿಗಬೇಕು?

ಎಕರೆಗೆ 1,500 ಬಾಕ್ಸ್ ಬಂದರೆ ಸುಮಾರು 204 ರೂಪಾಯಿ. 1,000 ಬಾಕ್ಸ್ ಬಂದರೆ ಸುಮಾರು 278. ರೋಗ ಬಿದ್ದು 600 ಬಾಕ್ಸ್‌ಗೆ ನಿಂತರೆ ಸುಮಾರು 426.

ಲೆಕ್ಕ ಮಾಡುವ ದಾರಿ ಸುಲಭ. 2 ಲಕ್ಷವನ್ನು ಬಾಕ್ಸ್ ಸಂಖ್ಯೆಯಿಂದ ಭಾಗಿಸಿ, 50 ಕೂಡಿಸಿ, ಬಂದದ್ದನ್ನು 0.9ರಿಂದ ಭಾಗಿಸಿ. ಮೊಬೈಲ್‌ನಲ್ಲೇ ಆಗುತ್ತದೆ. ಇದರಲ್ಲಿ ಗಮನಿಸಬೇಕಾದದ್ದು ಏನೆಂದರೆ, ಬೆಲೆ ಎಷ್ಟು ಮುಖ್ಯವೋ ಇಳುವರಿಯೂ ಅಷ್ಟೇ ಮುಖ್ಯ. ಬೆಲೆ ನಮ್ಮ ಕೈಯಲ್ಲಿಲ್ಲ. ಇಳುವರಿ ಒಂದು ಮಟ್ಟಿಗೆ ಇದೆ. ಹಾಗಾಗಿ ನಿದ್ದೆಗೆಟ್ಟು ಯೋಚನೆ ಮಾಡುವುದಿದ್ದರೆ ಗಿಡದ ಬಗ್ಗೆ ಮಾಡಿ.

ಕೋಲು, ಡ್ರಿಪ್ ಪೈಪು ಒಂದೇ ಬೆಳೆಗೆ ಮುಗಿಯುವುದಿಲ್ಲ. ಕೋಲು ಎರಡು ಮೂರು ಬೆಳೆಗೆ ಬರುತ್ತದೆ, ಡ್ರಿಪ್ ಕೆಲವು ವರ್ಷ ಬರುತ್ತದೆ. ಲಾಭ ನಷ್ಟ ನೋಡುವಾಗ ಅದನ್ನು ಹಂಚಿ ಹಾಕಬಹುದು. ಆದರೆ ಮೊದಲ ಸಲ ದುಡ್ಡು ಪೂರ್ತಿ ಕೈಯಿಂದ ಹೋಗುತ್ತದೆ. ಆದ್ದರಿಂದ ಮಿತಿಯ ಲೆಕ್ಕದಲ್ಲಿ ಪೂರ್ತಿಯೇ ಹಿಡಿಯಿರಿ.

ನಿಮ್ಮ ದುಡಿಮೆಯನ್ನೂ ಬರೆಯಿರಿ. ಗಂಡ ಹೆಂಡತಿ ನಾಲ್ಕೈದು ತಿಂಗಳು ಬೆಳಗ್ಗೆಯಿಂದ ಸಂಜೆವರೆಗೆ ಹೊಲದಲ್ಲಿದ್ದರೆ ಅದಕ್ಕೂ ಕೂಲಿ ಇದೆ. ಅದನ್ನು ಬಿಟ್ಟು "ಅರವತ್ತು ಸಾವಿರ ಉಳೀತು" ಅಂದರೆ ಉಳಿದದ್ದು ಲಾಭವಲ್ಲ, ನಿಮ್ಮದೇ ಕೂಲಿ.

ಹಂತ 3: ಎಷ್ಟು ಬೆಲೆ ನಿರೀಕ್ಷೆ ಮಾಡಬೇಕು?

ಪೇಪರಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಬೆಲೆ ಆ ದಿನ ಮಂಡಿಯಲ್ಲಿ ಅತಿ ಚೆನ್ನಾಗಿದ್ದ ಒಂದು ಲಾಟ್‌ಗೆ ಸಿಕ್ಕಿದ್ದು. ಹರಾಜು ನಡೆಯುವಾಗ ಒಮ್ಮೆ ನಿಂತು ನೋಡಿ. ಬಾಕ್ಸ್‌ಗಳು ಸಾಲಾಗಿ ಜೋಡಿಸಿರುತ್ತವೆ. ಹರಾಜು ಕೂಗುವವರು ಸಾಲಿನ ಪಕ್ಕ ನಡೆದುಕೊಂಡು ಹೋಗುತ್ತಾರೆ, ಹಿಂದೆ ಖರೀದಿದಾರರ ಗುಂಪು. ಒಬ್ಬರು ಬಾಕ್ಸಿನ ಮೇಲಿನ ಕಾಯಿ ಸರಿಸಿ ಕೆಳಗೆ ಕೈ ಹಾಕುತ್ತಾರೆ. ಒಂದು ಹಣ್ಣು ಎತ್ತಿ ಒತ್ತಿ ನೋಡುತ್ತಾರೆ. ಬೆಲೆ ಕೂಗು ಎರಡು ಮೂರು ಸಲ ಏರುತ್ತದೆ, ನಿಲ್ಲುತ್ತದೆ, ಗುಮಾಸ್ತರು ಬರೆದುಕೊಳ್ಳುತ್ತಾರೆ, ಗುಂಪು ಮುಂದಕ್ಕೆ ಹೋಗುತ್ತದೆ. ಮೂರು ತಿಂಗಳ ದುಡಿಮೆಗೆ ಬೆಲೆ ಕಟ್ಟಲು ಅರ್ಧ ನಿಮಿಷವೂ ಬೇಕಿಲ್ಲ. ಅದೇ ಸಾಲಿನಲ್ಲಿ ಒಂದು ಲಾಟ್ 420ಕ್ಕೆ ಹೋದರೆ ಪಕ್ಕದ್ದು 260ಕ್ಕೆ ಹೋಗುವುದುಂಟು. ಕಾಯಿಯ ಗಾತ್ರ, ಬಣ್ಣ, ಗಟ್ಟಿತನ, ಚುಕ್ಕೆ, ಎಲ್ಲವೂ ಎಣಿಕೆಗೆ ಬರುತ್ತದೆ.

ಆದ್ದರಿಂದ ಗರಿಷ್ಠ ಬೆಲೆ ನೋಡಬೇಡಿ. ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನದ ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆ ಹಾಕುತ್ತಾರೆ. ಮಾದರಿ ಬೆಲೆ ಅಂದರೆ ಹೆಚ್ಚಿನ ಮಾಲು ಮಾರಾಟವಾದ ಬೆಲೆ. ನಿಮಗೆ ಬೇಕಾದದ್ದು ಅದು. ಕ್ವಿಂಟಲ್ ಲೆಕ್ಕದಲ್ಲಿ ಇದ್ದರೆ 0.15ರಿಂದ ಗುಣಿಸಿ, 15 ಕೆಜಿ ಬಾಕ್ಸಿನ ಬೆಲೆ ಬರುತ್ತದೆ. ಕ್ವಿಂಟಲ್‌ಗೆ 2,000 ಅಂದರೆ ಬಾಕ್ಸ್‌ಗೆ 300.

ಇವತ್ತಿನ ಬೆಲೆ ನೋಡಿ ಏನೂ ಪ್ರಯೋಜನವಿಲ್ಲ. ನರ್ಸರಿಯಲ್ಲಿ ಸಸಿ ತಯಾರಾಗಲು ಸುಮಾರು 25 ದಿನ. ನಾಟಿ ಮಾಡಿದ ಮೇಲೆ ಮೊದಲ ಕೊಯ್ಲಿಗೆ 65-70 ದಿನ. ಅಲ್ಲಿಗೆ ಮೂರು ತಿಂಗಳಾಯಿತು. ನೀವು ಮಾರುವುದು ಆಗಿನ ಬೆಲೆಗೆ. ಹಾಗಾಗಿ ನಿಮ್ಮ ಕೊಯ್ಲು ಬರುವ ತಿಂಗಳಲ್ಲಿ ಹಿಂದಿನ ಐದು ವರ್ಷ ಮಾದರಿ ಬೆಲೆ ಎಷ್ಟಿತ್ತು ಅಂತ ತೆಗೆದು ಬರೆಯಿರಿ. ಐದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದನ್ನು ಹೊಡೆದುಹಾಕಿ. ಉಳಿದ ನಾಲ್ಕರ ಸರಾಸರಿ ನಿಮ್ಮ ನಡುವಿನ ಬೆಲೆ, ಅದರಲ್ಲಿ ತೀರಾ ಕಡಿಮೆ ಇರುವುದು ಕೆಟ್ಟ ಬೆಲೆ. ದೊಡ್ಡ ಬೆಲೆಯನ್ನು ಯಾಕೆ ಹೊಡೆದುಹಾಕಬೇಕು? ಅದು ಬಂದರೆ ತಗೊಳ್ಳೋಣ. ಅದನ್ನು ನೆಚ್ಚಿ ಒಂದು ರೂಪಾಯಿಯನ್ನೂ ಖರ್ಚು ಮಾಡುವುದು ಬೇಡ.

ಎಕರೆಗೆ 1,200 ಬಾಕ್ಸ್ ಬಂತು ಅಂತ ಇಟ್ಟುಕೊಂಡು ನಮ್ಮ ಮಾದರಿ ಲೆಕ್ಕ ಓಡಿಸಿ ನೋಡಿ. ಬಾಕ್ಸ್‌ಗೆ 300 ಸಿಕ್ಕರೆ ಉಳಿಯುವುದು 64 ಸಾವಿರ. 200 ಸಿಕ್ಕರೆ 44 ಸಾವಿರ ನಷ್ಟ. 2,000 ಸಿಕ್ಕರೆ 19 ಲಕ್ಷ! ಈ ಮೂರನೇ ಅಂಕಿ ಇಡೀ ತಾಲ್ಲೂಕಿನ ನಿದ್ದೆ ಕೆಡಿಸುತ್ತದೆ. ಅದು ಸುಳ್ಳಲ್ಲ, ಕೆಲವರಿಗೆ ನಿಜಕ್ಕೂ ಬಂದಿದೆ. ಆದರೆ ಅದು ಬರುವ ವಾರ ಯಾವುದು ಅಂತ ಮಂಡಿ ಮಾಲೀಕರಿಗೂ ಮೊದಲೇ ಗೊತ್ತಿರುವುದಿಲ್ಲ.

ಹಂತ 4: ಮುಂದಿನ ಮಾಲಿನ ಸುಳಿವು ಹಿಡಿಯುವುದು

ಬೆಲೆ ಹೇಳಲು ಆಗದಿದ್ದರೂ ಮಾಲು ಜಾಸ್ತಿ ಬರುತ್ತದೋ ಕಡಿಮೆ ಬರುತ್ತದೋ ಅನ್ನುವುದಕ್ಕೆ ಸುಳಿವು ಸಿಗುತ್ತದೆ. ಎಲ್ಲಕ್ಕಿಂತ ಒಳ್ಳೆ ಜಾಗ ನರ್ಸರಿ. "ಟೊಮೆಟೊ ಸಸಿ ಯಾವಾಗ ಸಿಗುತ್ತಣ್ಣ?" ಅಂತ ಮೂರು ನಾಲ್ಕು ನರ್ಸರಿಗೆ ಫೋನ್ ಮಾಡಿ. "ಇನ್ನು ಇಪ್ಪತ್ತು ದಿನ ಖಾಲಿ ಇಲ್ಲ, ಎಲ್ಲ ಬುಕ್ ಆಗಿದೆ" ಅಂದರೆ ಎರಡೂವರೆ ಮೂರು ತಿಂಗಳಿಗೆ ಮಂಡಿ ತುಂಬುತ್ತದೆ ಅಂತ ಅರ್ಥ. ಟ್ರೇಗಳಲ್ಲಿ ಸಸಿ ಬಲಿತು ಕೇಳುವವರಿಲ್ಲದೆ ಕೂತಿದ್ದರೆ ಜನ ಹಿಂದೆ ಸರಿದಿದ್ದಾರೆ.

ಇನ್ನೊಂದು, ಹೊರಗಿನ ಊರುಗಳು. ಕೋಲಾರದ ಮಾಲು ಉತ್ತರದ ರಾಜ್ಯಗಳವರೆಗೆ ಹೋಗುತ್ತದೆ. ಮಹಾರಾಷ್ಟ್ರದ ನಾರಾಯಣಗಾಂವ್, ನಾಸಿಕ್, ಆಂಧ್ರದ ಮದನಪಲ್ಲಿ ಕಡೆ ಬೆಳೆ ಚೆನ್ನಾಗಿದ್ದರೆ ಅಷ್ಟು ಲಾರಿ ಇಲ್ಲಿಗೆ ಕಡಿಮೆ. ಅಲ್ಲಿ ಮಳೆ ಹೊಡೆದರೆ ಇಲ್ಲಿ ಬೆಲೆ. 2023ರಲ್ಲಿ ನಮ್ಮ ಕಡೆ ಎಲೆ ಮುದುಡು ರೋಗ ಬಿದ್ದು ಮಾಲೇ ಕಡಿಮೆಯಾಗಿದ್ದೂ ಆ ಬೆಲೆಗೆ ಒಂದು ಕಾರಣ.

ಬೆಲೆ ಬಿದ್ದು ಎಲ್ಲರೂ ಬೇಸತ್ತಿರುವಾಗ ಹಾಕಲು ಧೈರ್ಯ ಬೇಕು. ಬೆಲೆ ಏರಿರುವಾಗ ಹಾಕಲು ಧೈರ್ಯ ಬೇಕಿಲ್ಲ, ಆಗ ಊರೆಲ್ಲ ಹಾಕುತ್ತದೆ. ಇರುವ ಧೈರ್ಯವನ್ನು ಮೊದಲಿನದಕ್ಕೆ ಉಳಿಸಿಕೊಳ್ಳಿ. ಹಾಗಂತ ಬೆಲೆ ಬಿದ್ದಾಗ ಹಾಕಿದರೆ ಗ್ಯಾರಂಟಿ ಲಾಭ ಅಂತ ಅಲ್ಲ. ಅದಕ್ಕೇ ಮುಂದಿನ ಹಂತ.

ಹಂತ 5: ಎಷ್ಟು ಗುಂಟೆ, ಎಷ್ಟು ಕಂತು

ಮೊದಲ ಹಂತದ ಮನೆಗೆ ಮಿತಿ 1.2 ಲಕ್ಷ. ಎಕರೆಗೆ 2 ಲಕ್ಷ ಖರ್ಚು. ಎಕರೆ ಅಂದರೆ 40 ಗುಂಟೆ. ಹಾಗಾದರೆ ಅವರು ಹಾಕಬಹುದಾದದ್ದು 24 ಗುಂಟೆ. ಅವರ ಹತ್ತಿರ ಮೂರು ಎಕರೆ ಇರಬಹುದು, ನೀರೂ ಇರಬಹುದು. ಆದರೂ 24 ಗುಂಟೆ. ಉಳಿದದ್ದಕ್ಕೆ ರಾಗಿ, ಅವರೆ, ಮುಸುಕಿನ ಜೋಳ, ಹಿಪ್ಪುನೇರಳೆ, ಹಸುವಿಗೆ ಮೇವು.

ಪೂರ್ತಿ ನಷ್ಟ ಆಗುತ್ತದೆ ಅಂತ ಯಾಕೆ ಹಿಡಿಯಬೇಕು, ಸ್ವಲ್ಪವಾದರೂ ಬರುತ್ತದಲ್ಲ ಅಂತ ಕೇಳಬಹುದು. ಕೆಲವು ಹಂಗಾಮು ಮಾಡಿ ಪಳಗಿದವರು ಹಾಗೆ ಹಿಡಿಯಬಹುದು. ಮೊದಲ ಸಲದವರು ಸೊನ್ನೆ ಅಂತಲೇ ಹಿಡಿಯಿರಿ. ಆಲಿಕಲ್ಲು ಮಳೆ ಒಂದು ಸಂಜೆಯಲ್ಲಿ ಎಲ್ಲ ಮುಗಿಸಿದ್ದನ್ನು ಈ ಭಾಗದಲ್ಲಿ ನೋಡದವರಿಲ್ಲ.

ಆ 24 ಗುಂಟೆಯನ್ನೂ ಒಂದೇ ದಿನ ನಾಟಿ ಮಾಡಬೇಡಿ. 12 ಗುಂಟೆ ಈಗ, 12 ಗುಂಟೆ ಮೂರು ನಾಲ್ಕು ವಾರ ಬಿಟ್ಟು. ಒಂದು ನಾಟಿಯ ಕೊಯ್ಲು ಸುಮಾರು ಒಂದೂವರೆ ಎರಡು ತಿಂಗಳು ನಡೆಯುತ್ತದೆ. ಎರಡು ಕಂತು ಮಾಡಿದರೆ ನೀವು ಮಂಡಿಯಲ್ಲಿ ಇರುವ ವಾರಗಳು ಜಾಸ್ತಿಯಾಗುತ್ತವೆ. ಬೆಲೆ ಎರಡೇ ವಾರ ಏರಿ ಇಳಿದರೂ ಆಗ ನಿಮ್ಮ ಕೈಯಲ್ಲಿ ಒಂದಿಷ್ಟು ಕಾಯಿ ಇರುತ್ತದೆ. ಮೊದಲ ಕಂತಿನಲ್ಲಿ ಕಲಿತದ್ದು ಎರಡನೆಯದಕ್ಕೆ ಸಿಗುತ್ತದೆ. ಎರಡನೆಯದನ್ನು ಹಳೆಯ ನಾಟಿಯ ಪಕ್ಕಕ್ಕೇ ಹಾಕದೆ ಸ್ವಲ್ಪ ದೂರ ಹಾಕಿ. ಇಲ್ಲದಿದ್ದರೆ ಹಳೆ ಗಿಡದ ಹುಳ, ನೊಣ ಎಲ್ಲ ಎಳೆ ಗಿಡಕ್ಕೆ ದಾಟುತ್ತವೆ.

ಮುಂದಿನ ಹಂಗಾಮಿಗೂ ಇದೇ ಅಳತೆ. ಲಾಭ ಬಂದರೆ ಮೂರು ಎಕರೆ, ನಷ್ಟ ಬಂದರೆ ಪೂರ್ತಿ ಬಂದ್ ಅಂತ ಮಾಡಿದರೆ ಒಳ್ಳೆ ಬೆಲೆಯ ವರ್ಷ ನಿಮ್ಮ ಹೊಲ ಖಾಲಿ ಇರುತ್ತದೆ, ಕೆಟ್ಟ ಬೆಲೆಯ ವರ್ಷ ತುಂಬಿರುತ್ತದೆ. ಮಂಡಿಯಲ್ಲಿ "ಏನಣ್ಣ, ಈ ಸಲ ಇಷ್ಟೇನಾ?" ಅಂತ ಕೇಳುತ್ತಾರೆ. ಕೇಳಲಿ.

ನೀರಿನ ಬಗ್ಗೆ ಒಂದೇ ಮಾತು. ಟೊಮೆಟೊ ಹಾಕುವುದಕ್ಕಾಗಿ ಹೊಸ ಬೋರ್ ಕೊರೆಸಬೇಡಿ. ಸಾವಿರ ಅಡಿ ಹೋದರೂ ನೀರು ಬರುತ್ತದೆ ಅನ್ನುವ ಭರವಸೆ ಇಲ್ಲದ ನೆಲ ಇದು. ಒಂದು ಜೂಜಿನ ಮೇಲೆ ಇನ್ನೊಂದು ಜೂಜು ಕಟ್ಟಿದ ಹಾಗಾಗುತ್ತದೆ. ಇರುವ ನೀರು ಬೇಸಿಗೆಯಲ್ಲಿ ಎಷ್ಟು ಗುಂಟೆಗೆ ಸಾಕೋ ಅಷ್ಟು.

ಹಂತ 6: ದುಡ್ಡು ಎಲ್ಲಿಂದ ತರುತ್ತೀರಿ

ಸ್ವಂತ ದುಡ್ಡಿದ್ದರೆ ಒಳ್ಳೆಯದು. ಸಾಲ ಬೇಕೇ ಬೇಕು ಅಂದರೆ ಮೊದಲು ನಿಮ್ಮ ಸಹಕಾರ ಸಂಘಕ್ಕೆ ಹೋಗಿ. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಬಡ್ಡಿ ಇಲ್ಲದ ಅಲ್ಪಾವಧಿ ಬೆಳೆ ಸಾಲದ ಮಿತಿಯನ್ನು 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ 3 ಲಕ್ಷದವರೆಗೆ ಬಡ್ಡಿ ಶೇ 7, ಸಮಯಕ್ಕೆ ಸರಿಯಾಗಿ ಕಟ್ಟಿದರೆ ಶೇ 4ಕ್ಕೆ ಇಳಿಯುತ್ತದೆ. ವಾಯಿದೆ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಡಿ. ಒಂದು ದಿನ ತಪ್ಪಿದರೂ ಈ ಅನುಕೂಲ ಹೋಗುತ್ತದೆ.

ಸಾಲ ಸಿಕ್ಕಿತು ಅಂತ ಮೊದಲ ಹಂತದ ಮಿತಿ ದೊಡ್ಡದಾಗುವುದಿಲ್ಲ. ತೀರಿಸುವುದು ನೀವೇ ತಾನೇ.

ಮಂಡಿಯಿಂದ ಮುಂಗಡ ತಗೊಂಡರೆ ಮಾಲನ್ನು ಅಲ್ಲಿಗೇ ಹಾಕಬೇಕು. ಬೇರೆ ಮಂಡಿಯಲ್ಲಿ 30 ರೂಪಾಯಿ ಜಾಸ್ತಿ ಇದ್ದರೂ ನೋಡಿಕೊಂಡು ಸುಮ್ಮನಿರಬೇಕಾಗುತ್ತದೆ. ಔಷಧಿ ಅಂಗಡಿಯ ಉದ್ರಿಯೂ ಹಾಗೆಯೇ. ಉದ್ರಿ ಇದ್ದಾಗ ಅವರು ಕೊಟ್ಟ ಔಷಧಿ, ಅವರು ಹೇಳಿದ ಬೆಲೆ. ಊರಿನ ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ 36. ಬೆಲೆಯನ್ನೇ ನಂಬಲಾಗದ ಬೆಳೆಗೆ ಈ ಬಡ್ಡಿಯ ದುಡ್ಡು ಹಾಕುವುದು ಬೇಡವೇ ಬೇಡ.

ಬೆಳೆ ವಿಮೆ ನಿಮ್ಮ ಪಂಚಾಯಿತಿಗೆ, ಈ ಹಂಗಾಮಿಗೆ, ಟೊಮೆಟೊಗೆ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ಕೇಳಿ. ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಲ್ಲಿ ರೈತರು ಕಟ್ಟುವುದು ವಿಮಾ ಮೊತ್ತದ ಶೇ 5ರವರೆಗೆ. ಇದ್ದರೆ ಕಟ್ಟಿ. ಆದರೆ ವಿಮೆ ನೋಡುವುದು ಇಳುವರಿ, ಹವಾಮಾನವನ್ನು. ಬೆಲೆ ಬಿದ್ದದ್ದಕ್ಕೆ ಅದರಿಂದ ಏನೂ ಸಿಗುವುದಿಲ್ಲ.

ಹಂತ 7: ನಮ್ಮ ಕೈಯಲ್ಲಿರುವುದನ್ನು ಬಿಗಿ ಮಾಡುವುದು

ಬೇಸಾಯ ಪೂರ್ತಿ ಹೇಳಲು ಹೋದರೆ ಇನ್ನೊಂದು ಬರಹ ಆಗುತ್ತದೆ. ನಷ್ಟದ ಅಪಾಯ ಕಡಿಮೆ ಮಾಡುವ ನಾಲ್ಕು ವಿಷಯ ಮಾತ್ರ ಇಲ್ಲಿ.

ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ತಳಿ ಎಲೆ ಮುದುಡು ರೋಗ, ದುಂಡಾಣು ಸೊರಗು ರೋಗ, ಮುಂಚಿನ ಅಂಗಮಾರಿ, ಈ ಮೂರನ್ನೂ ತಡೆಯುವಂತೆ ಮಾಡಿದ್ದು. ಖಾಸಗಿ ಕಂಪನಿಗಳದ್ದೂ ರೋಗ ತಡೆಯುವ ತಳಿಗಳಿವೆ. ಮಂಡಿಯಲ್ಲಿ ಯಾವ ಕಾಯಿ ಓಡುತ್ತದೆ ಅಂತಲೂ ಕೇಳಿ ತೀರ್ಮಾನ ಮಾಡಿ.

ಸಸಿ. ಎಲೆ ಮುದುಡು ರೋಗದ ವೈರಸ್ ಹರಡುವ ಬಿಳಿ ನೊಣ ಒಳಗೆ ಬರದ ಹಾಗೆ ಸಣ್ಣ ಕಣ್ಣಿನ ಬಲೆ ಕಟ್ಟಿದ ನರ್ಸರಿಯಿಂದಲೇ ತನ್ನಿ. ಎಳೆಯದರಲ್ಲಿ ವೈರಸ್ ಹತ್ತಿದ ಗಿಡ ಆಮೇಲೆ ಸುಧಾರಿಸುವುದಿಲ್ಲ.

ಬೆಳೆ ಬದಲಾವಣೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ. ಒಂದರ ಹಿಂದೆ ಒಂದು ಹಾಕಿದರೆ ಮಣ್ಣಿನ ರೋಗ ಬೆಳೆಯುತ್ತಲೇ ಹೋಗುತ್ತದೆ. ನಡುವೆ ರಾಗಿಯೋ ಜೋಳವೋ ಬರಲಿ.

ಚೆಂಡು ಹೂವು. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು ಹಾಕಿ ಅಂತ ಅದೇ ಸಂಸ್ಥೆ ಹೇಳುತ್ತದೆ. ಟೊಮೆಟೊ ಸಸಿಗೆ 25 ದಿನ ಆಗಿರುವಾಗ ಚೆಂಡು ಹೂವಿನ ಸಸಿಗೆ 45 ದಿನ ಆಗಿರಬೇಕು, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಕಾಯಿ ಕೊರಕ ಹುಳ ಟೊಮೆಟೊ ಬಿಟ್ಟು ಹೂವಿನ ಕಡೆ ಹೋಗುತ್ತದೆ. ಹಬ್ಬದ ಸಮಯಕ್ಕೆ ಹೂ ಬಂದರೆ ಅದೂ ಒಂದಿಷ್ಟು ದುಡ್ಡು.

ಹಂತ 8: ನಿಲ್ಲಿಸುವ ಗೆರೆಗಳನ್ನು ಮೊದಲೇ ಹಾಕಿಕೊಳ್ಳುವುದು

ಬೆಳೆ ನಿಂತಿರುವಾಗ ಮನಸ್ಸು ಸರಿಯಾಗಿ ಯೋಚನೆ ಮಾಡುವುದಿಲ್ಲ. "ಇಷ್ಟು ಹಾಕಿದ್ದೀವಿ, ಇನ್ನೊಂದು ಸ್ಪ್ರೇ ಹೊಡೆದರೆ ನಿಲ್ಲಬಹುದು" ಅನ್ನಿಸುತ್ತದೆ. ಹಾಕಿದ ದುಡ್ಡು ಆಗಲೇ ಹೋಗಿದೆ. ಮುಂದೆ ಹಾಕುವ ದುಡ್ಡಿಗೆ ಏನು ಬರುತ್ತದೆ ಅಂತ ಮಾತ್ರ ನೋಡಬೇಕು. ನಾಟಿಗೆ ಮುಂಚೆ, ತಲೆ ತಣ್ಣಗಿರುವಾಗಲೇ ಎರಡು ಗೆರೆ ಬರೆದಿಡಿ.

ಮೊದಲನೆಯದು ನಾಟಿಯಾಗಿ 30 ದಿನಕ್ಕೆ. ಬೆಳಗ್ಗೆ ಹೊಲದಲ್ಲಿ ನಡೆದು, ಐದಾರು ಕಡೆ ನಿಂತು, ಒಂದೊಂದು ಕಡೆ 20 ಗಿಡ ಎಣಿಸಿ. ಎಲೆ ಮುದುಡಿದ ಗಿಡ ಎಷ್ಟು? ಹೂ ಬಿಡುವ ಮುಂಚೆಯೇ ಅರ್ಧಕ್ಕಿಂತ ಜಾಸ್ತಿ ಗಿಡಕ್ಕೆ ಹತ್ತಿದ್ದರೆ ಅಲ್ಲಿಗೇ ಖರ್ಚು ನಿಲ್ಲಿಸಿ, ಗಿಡ ಕಿತ್ತುಹಾಕಿ, ಅದೇ ಮಲ್ಚಿಂಗ್ ಪೇಪರ್‌ನಲ್ಲಿ ಹುರುಳಿಕಾಯಿಯನ್ನೋ ಸೌತೆಯನ್ನೋ ಹಾಕಿ. ವೈರಸ್‌ಗೆ ಔಷಧಿ ಇಲ್ಲ. ಔಷಧಿ ಇರುವುದು ಅದನ್ನು ಹರಡುವ ನೊಣಕ್ಕೆ. ಕಿತ್ತುಹಾಕುವಾಗ ಕರುಳು ಚುರುಕ್ ಅನ್ನುತ್ತದೆ. ಆದರೂ ಆ ದಿನ ಉಳಿಸಿದ ದುಡ್ಡೇ ಮುಂದಿನ ನಾಟಿಗೆ ಬಂಡವಾಳ.

ಎರಡನೆಯದು ಕೊಯ್ಲಿನಲ್ಲಿ. ಇಲ್ಲಿ ಜನ ಎರಡೂ ಕಡೆ ಎಡವುತ್ತಾರೆ. ನಮ್ಮ ಮಾದರಿ ಲೆಕ್ಕದಲ್ಲಿ ಅಸಲು ಹುಟ್ಟಲು ಇನ್ನೂರಕ್ಕಿಂತ ಜಾಸ್ತಿ ಬೇಕು. ಬೆಲೆ 120 ಇದ್ದರೆ "ಖರ್ಚೂ ಹುಟ್ಟಲ್ಲ, ಬಿಡು" ಅಂತ ಹೊಲದಲ್ಲೇ ಕೊಳೆಯಲು ಬಿಡುವವರಿದ್ದಾರೆ. ಹಾಗೆ ಬಿಡಬಾರದು. 120ರಲ್ಲಿ ಕಮಿಷನ್ 12 ಹೋಗಿ, ಕೊಯ್ಲು ಬಾಡಿಗೆ 50 ಹೋಗಿ, ಬಾಕ್ಸ್‌ಗೆ 58 ರೂಪಾಯಿ ಮನೆಗೆ ಬರುತ್ತದೆ. 500 ಬಾಕ್ಸ್‌ಗೆ 29 ಸಾವಿರ. ಒಟ್ಟು ನಷ್ಟವಿದ್ದರೂ ಕೊಯ್ದರೆ ಆ ನಷ್ಟ ಕಡಿಮೆಯಾಗುತ್ತದೆ.

ಯಾವಾಗ ನಿಲ್ಲಿಸಬೇಕು? ಇದೇ ಲೆಕ್ಕದಲ್ಲಿ 56 ರೂಪಾಯಿಯ ಹತ್ತಿರ. ಅದಕ್ಕಿಂತ ಕೆಳಗೆ ಬಿದ್ದರೆ ಒಂದೊಂದು ಬಾಕ್ಸ್ ಕೊಯ್ದಷ್ಟೂ ಕೈಯಿಂದ ಹೋಗುತ್ತದೆ. ಮಂಡಿಗೆ ಸಾಗಿಸಿ ರಸ್ತೆಗೆ ಸುರಿಯುವ ಬದಲು ಹೊಲದಲ್ಲೇ ಬಿಡಿ, ಊರಿನವರಿಗೆ ಕೊಯ್ದುಕೊಳ್ಳಲು ಹೇಳಿ, ಸಂತೆಯಲ್ಲಿ ಕೂತು ಮಾರಲು ಆಗುತ್ತದೆಯಾ ನೋಡಿ. ಆದರೆ ಗಿಡ ಇನ್ನೂ ಚೆನ್ನಾಗಿದ್ದು, ಮುಂದೆ ಮೂರು ನಾಲ್ಕು ವಾರ ಕಾಯಿ ಬರುವ ಹಾಗಿದ್ದರೆ ನೀರು ನಿಲ್ಲಿಸಬೇಡಿ. ಹಣ್ಣಾದದ್ದನ್ನು ಕಿತ್ತುಹಾಕಿ ಗಿಡ ಉಳಿಸಿಕೊಳ್ಳಿ. ಹದಿನೈದು ದಿನದಲ್ಲಿ ಬೆಲೆ ತಿರುಗಿದ್ದು ಎಷ್ಟೋ ಸಲ ಇದೆ. ಈ ಒಂದು ಜಾಗದಲ್ಲಿ ಮಾತ್ರ ಆಸೆ ಪಡಿ ಅಂತ ನಾನೇ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕಾಯುವ ಖರ್ಚು ಬಹಳ ಕಡಿಮೆ.

ಹಂತ 9: ಮಾರುವಾಗ

ವಿಂಗಡಣೆ ಮಾಡದೆ ಬಾಕ್ಸ್ ತುಂಬಬೇಡಿ. ಕೆಳಗೆ ಸಣ್ಣ ಕಾಯಿ, ಮೇಲೆ ದಪ್ಪ ಕಾಯಿ ಇಟ್ಟರೆ ಒಂದು ಸಲ ನಡೆಯಬಹುದು. ಮುಂದಿನ ಸಲ ನಿಮ್ಮ ಲಾಟ್ ಬಂದಾಗ ಖರೀದಿದಾರರ ಕೈ ನೇರ ಕೆಳಗೆ ಹೋಗುತ್ತದೆ. ದೂರದ ಊರಿಗೆ ಹೋಗುವ ಮಾಲಾದರೆ ದೋರೆಗಾಯಿಯೇ ಇರಲಿ. ಪೂರ್ತಿ ಕೆಂಪಾದದ್ದು ಹತ್ತಿರದ ಪೇಟೆಗೆ.

ಬೆಲೆ ಏರುತ್ತಿರುವಾಗ "ನಾಳೆ ಇನ್ನೂ ಏರುತ್ತದೆ" ಅಂತ ಹಣ್ಣನ್ನು ಗಿಡದಲ್ಲೇ ಬಿಡಬೇಡಿ. ಟೊಮೆಟೊ ರಾಗಿಯ ಹಾಗೆ ಕಾಯುವುದಿಲ್ಲ. ಮಾಮೂಲಿ ಕೊಯ್ಲಿನ ದಿನ ಕೊಯ್ಯಿರಿ, ಸಿಕ್ಕ ಬೆಲೆಗೆ ಕೊಡಿ.

ಮಂಡಿಯವರು ಕೊಡುವ ಪ್ರತಿ ಸಲದ ಲೆಕ್ಕದ ಪಟ್ಟಿಯನ್ನೂ ಜೋಪಾನ ಮಾಡಿ. ಬಾಕ್ಸ್ ಎಷ್ಟು, ಬೆಲೆ ಎಷ್ಟು, ಕಮಿಷನ್ ಎಷ್ಟು, ಹಮಾಲಿ ಎಷ್ಟು ಹಿಡಿದಿದ್ದಾರೆ ಅಂತ ಅಂದೇ ನೋಟ್‌ಬುಕ್‌ಗೆ ಇಳಿಸಿ. ಕೇಳಬೇಕಾದದ್ದನ್ನು ಅಂದೇ ಕೇಳಿ.

ಹಂತ 10: ದುಡ್ಡು ಬಂದರೆ, ಬರದಿದ್ದರೆ

ಒಳ್ಳೆ ಬೆಲೆ ಸಿಕ್ಕಿತು ಅಂದುಕೊಳ್ಳೋಣ. ಮೊದಲು ಸಾಲ. ಆಮೇಲೆ ಮುಂದಿನ ಎರಡು ನಾಟಿಗೆ ಬೇಕಾಗುವಷ್ಟು ದುಡ್ಡು ಬೇರೆ ಖಾತೆಗೆ. ಒಂದಕ್ಕೆ ಸಾಲದು, ಎರಡಕ್ಕೆ. ಒಂದು ಹಂಗಾಮು ಪೂರ್ತಿ ಕೈಕೊಟ್ಟರೂ ಇನ್ನೊಂದಕ್ಕೆ ಯಾರ ಮುಂದೆಯೂ ಕೈ ಚಾಚಬಾರದು. ಅದಾದ ಮೇಲೆ ಮನೆಗೆ ಏನಾದರೂ ಖುಷಿಯ ಖರ್ಚು ಮಾಡಿ, ಮಾಡಲೇಬೇಕು. ದುಡಿದವರಿಗೆ ಹೊಸ ಬಟ್ಟೆ, ಮಕ್ಕಳಿಗೆ ಏನಾದರೂ. ಉಳಿದದ್ದು ಜಮೀನಿಗೆ ಉಳಿಯುವ ಕೆಲಸಕ್ಕೆ: ಕೃಷಿ ಹೊಂಡ, ಡ್ರಿಪ್, ಇನ್ನೊಂದು ಹಸು. ಡೇರಿಯ ಬಟವಾಡೆ ಸಣ್ಣದೇ, ಆದರೆ ತಪ್ಪದೆ ಬರುತ್ತದೆ. ಅಂಥ ಆದಾಯ ಎಷ್ಟು ಇರುತ್ತದೋ ಅಷ್ಟು ಗಟ್ಟಿಯಾಗಿ ಟೊಮೆಟೊದಲ್ಲಿ ನಿಲ್ಲಬಹುದು.

ಬೆಲೆ ಸಿಗಲಿಲ್ಲ ಅಂದರೆ ನೋಟ್‌ಬುಕ್ ತೆಗೆದು ಒಂದು ಪ್ರಶ್ನೆ ಕೇಳಿ. ಕೈಕೊಟ್ಟದ್ದು ಇಳುವರಿಯಾ, ಬೆಲೆಯಾ? 1,200 ಬಾಕ್ಸ್ ಬಂದಿದೆ, ಬೆಲೆ 150 ಇತ್ತು ಅಂದರೆ ನಿಮ್ಮ ಬೇಸಾಯದಲ್ಲಿ ತಪ್ಪಿಲ್ಲ. ಅದೇ ಅಳತೆಯಲ್ಲಿ ಮತ್ತೆ ಹಾಕಿ. ಬೆಲೆ 350 ಇತ್ತು, ಬಾಕ್ಸ್ 500 ಬಂತು ಅಂದರೆ ಮಂಡಿಯನ್ನು ಬೈದು ಪ್ರಯೋಜನವಿಲ್ಲ. ಸಸಿ, ಮಣ್ಣು, ನೀರು, ಔಷಧಿ ಹೊಡೆದ ದಿನ, ಎಲ್ಲ ನೋಡಿ ಸರಿ ಮಾಡಿಕೊಳ್ಳಿ, ಮುಂದಿನ ಸಲ 10-12 ಗುಂಟೆಯಲ್ಲಿ ಮಾಡಿ ನೋಡಿ. ಎರಡು ಸಲ ಹೀಗೇ ಆಗಿ ಮಿತಿಯ ದುಡ್ಡು ಮುಗಿದಿದ್ದರೆ ಒಂದು ಹಂಗಾಮು ರಾಗಿ, ಅವರೆ ಹಾಕಿಕೊಂಡು ಹಾಲಿನ ದುಡ್ಡಿನಲ್ಲಿ ಮತ್ತೆ ಕೂಡಿಸಿ. ಆಗ ಒಂದು ಕಾಯಿಯೂ ಇಲ್ಲದ ದಿನ ಬಾಕ್ಸ್ 900ಕ್ಕೆ ಹೋಗಬಹುದು, ಹೊಟ್ಟೆ ಉರಿಯಬಹುದು. ಆಗ ಸಾಲ ತಂದು ನಾಟಿಗೆ ಇಳಿಯಬೇಡಿ. ನರ್ಸರಿಗೆ ಒಂದು ಫೋನ್ ಮಾಡಿ ಬುಕಿಂಗ್ ಎಷ್ಟಾಗಿದೆ ಅಂತ ಕೇಳಿ, ಸಾಕು.